ಆಯಿಯ ಮಲ್ಲಿಗೆಗೆ ಹತ್ತಿದ ಹುಳ

ಆಗುವುದೇ ಇಲ್ಲ ಎಂದು ಮೊದಲು ಹೇಳಿದವಳು ನಮ್ಮ ಆಯಿ, ಅಪ್ಪನ ಅವ್ವ. ಓಣಿಯವರು ಹೇಳಿದ್ದರೆ, ಬೀಗರು ಹೇಳಿದ್ದರೆ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಆಯಿ ಒಂದು ಮಾತು ಆಡಿದಳೆಂದರೆ ಅದು ಗೋಡೆಗೆ ಬಡಿದ ಮೊಳೆ. ಅಪ್ಪ ಅದಕ್ಕೆ ತನ್ನ ಅಂಗಿ ತೂಗುಹಾಕಬಹುದಿತ್ತೇ ಹೊರತು ಕೀಳುವ ಹಾಗಿರಲಿಲ್ಲ. ನಾನಿನ್ನೂ ಸಣ್ಣವಳಿದ್ದಾಗ ಒಂದು ದಿನ ಆಯಿ ಪಡಸಾಲೆಯಲ್ಲಿ ಹೂವಿನ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಹಲ್ಲಿನಲ್ಲಿ ಕಚ್ಚಿದ ದಾರವನ್ನೂ ಬಿಡದೆ ಅಂದಳು:

“ಈ ಮನ್ಯಾಗ ಹೆಣ್ಣುಡುಗಿ ಡಿಗ್ರಿ ಪಾಸಾಗೂದಂದ್ರ ಮಲ್ಲಿಗಿ ಗಿಡಕ್ಕ ಕುಂಬಳಕಾಯಿ ಬಿಟ್ಟಂಗ.”

ಅವ್ವ ನಕ್ಕಳು. ಅಪ್ಪ ನಕ್ಕ. ಮಾತು ಅಷ್ಟು ಚಂದ ಇತ್ತೆಂದು ನಾನೂ ನಕ್ಕೆ. ನಗು ಮುಗಿದ ಮೇಲೆ ತಿಳಿಯಿತು, ಅದು ನನಗೇ ಹೇಳಿದ್ದು ಅಂತ. ಆಮೇಲೆ ನಾನು ಆ ಡಿಗ್ರಿ ಮಾಡಿದೆ, ಪ್ರಾಣಿಶಾಸ್ತ್ರದಲ್ಲಿ ಮಾಡಿದೆ. ನಮ್ಮ ಮನೆತನದಲ್ಲಿ, ಗಂಡಸರನ್ನೂ ಹಿಡಿದು, ಅದೇ ಮೊದಲನೇ ಡಿಗ್ರಿ. ಹಾಗೆ ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಪುಕ್ಕಟೆ ಸಿಕ್ಕಿದ್ದಲ್ಲ ಅದು. ಆದರೆ ಅದರ ಬೇರು ಇರುವುದು ಗದಗಿನ ಕಾಲೇಜಿನಲ್ಲಲ್ಲ. ನಮ್ಮ ಹಿತ್ತಲಲ್ಲಿ, ಆಯಿಯ ಮಲ್ಲಿಗೆಯ ಬುಡದ ಮಣ್ಣಿನಲ್ಲಿ ಇದೆ.

ನಮ್ಮದು ಮಣ್ಣಿನ ಮಾಳಿಗೆ ಮನೆ. ಮುಂದೆ ಕಟ್ಟೆ, ಕಟ್ಟೆ ಹತ್ತಿದರೆ ಪಡಸಾಲೆ, ಪಡಸಾಲೆ ದಾಟಿದರೆ ನಡುಮನೆ. ನಡುಮನೆಯ ಒಂದು ಮೂಲೆಗೆ ದೇವರ ಜಗಲಿ, ಇನ್ನೊಂದು ಮೂಲೆಗೆ ಜೋಳದ ಚೀಲ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಇಳಿದು ಬೆಳಿಗ್ಗೆ ಚೀಲದ ಮೇಲೆ, ಊಟದ ಹೊತ್ತಿಗೆ ನೆಲದ ನಡುವೆ, ಸಂಜೆಗೆ ದೇವರ ಹತ್ತಿರ ಬಂದು ಮಾಯವಾಗುತ್ತಿತ್ತು. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಹಿತ್ತಲು: ಒಂದು ಸಣ್ಣ ಬಾವಿ, ಬಾವಿಯ ಪಕ್ಕ ದನ ಇದ್ದ ಕಾಲದಲ್ಲಿ ಅವಕ್ಕೆ ನೀರು ಕುಡಿಸುತ್ತಿದ್ದ ಕಲ್ಲಿನ ಡೋಣಿ, ಉಳಿದದ್ದೆಲ್ಲ ದುಂಡುಮಲ್ಲಿಗೆ. ಮನೆ ಅಪ್ಪನ ಹೆಸರಿನಲ್ಲಿತ್ತು, ಅಡುಗೆಮನೆ ಅವ್ವನ ಕೈಯಲ್ಲಿತ್ತು, ಹಿತ್ತಲು ಮಾತ್ರ ಆಯಿಯದು. ಆ ಮಲ್ಲಿಗೆಯ ಕಡ್ಡಿಗಳನ್ನು ಮುತ್ಯಾ, ಅಂದರೆ ಆಯಿಯ ಗಂಡ, ಮುಂಡರಗಿ ದಾಟಿ ಹೊಳೆಯ ಆಚೆಯಿಂದ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ತಂದು ನೆಟ್ಟಿದ್ದನಂತೆ. ನಾನು ಹುಟ್ಟುವ ಮೊದಲೇ ಮುತ್ಯಾ ತೀರಿಕೊಂಡಿದ್ದ. ಆಯಿ ಗಿಡಗಳಿಗೆ ನೀರು ಹಾಕುತ್ತ ಅವನ ಮೇಲಿನ ದೂರುಗಳನ್ನೆಲ್ಲ ಅವುಗಳ ಮುಂದೆ ಹೇಳುತ್ತಿದ್ದಳು. ‘ಸಂತಿಗೆ ಹೋದಾಂವ ಉಪ್ಪ ಮರತ ಬಂದ ನೋಡು ನಿಮ್ಮಪ್ಪ’ ಎಂದು ಒಂದು ಗಿಡಕ್ಕೆ ಅಂದದ್ದನ್ನು ನಾನೇ ಕೇಳಿದ್ದೇನೆ. ಮುತ್ಯಾ ಸತ್ತು ಎಷ್ಟೋ ವರ್ಷವಾಗಿತ್ತು, ಉಪ್ಪು ಇನ್ನೂ ಬಂದಿರಲಿಲ್ಲ.

ನಮ್ಮ ಮನೆಯ ವರ್ಷ ಕ್ಯಾಲೆಂಡರಿನ ಪ್ರಕಾರ ನಡೆಯುತ್ತಿರಲಿಲ್ಲ, ಮಲ್ಲಿಗೆಯ ಪ್ರಕಾರ ನಡೆಯುತ್ತಿತ್ತು. ಎಳ್ಳಮಾಸಿ, ಅಂದರೆ ಚಳಿಗಾಲದ ಎಳ್ಳು ಅಮಾವಾಸ್ಯೆ, ಹತ್ತಿರ ಬಂದರೆ ಗಿಡಕ್ಕೆ ನೀರು ಬಂದ್. ಗಿಡ ಬಾಡಿ ಎಲೆ ಉದುರಿಸಿದ ಮೇಲೆ ಆಯಿ ಕತ್ತರಿ ಹಿಡಿದು ನಿರ್ದಾಕ್ಷಿಣ್ಯವಾಗಿ ಕತ್ತರಿಸುವಳು. ಹಿತ್ತಲು ಬೋಳಾಗಿ ನೋಡಲಾಗುತ್ತಿರಲಿಲ್ಲ. ಶಿವರಾತ್ರಿಗೆ ಗೊಬ್ಬರ ಮತ್ತು ಮೊದಲ ನೀರು. ಹೋಳಿ ಹುಣ್ಣಿವೆಗೆ ಚಿಗುರು. ಯುಗಾದಿಗೆ ಮೊದಲ ಮೊಗ್ಗು. ಅಲ್ಲಿಂದ ಮುಂಗಾರಿನ ಮಿರಗದ ಮಳೆ ಬೀಳುವ ತನಕ ನಮಗೆ ಬೇರೆ ಕೆಲಸವಿಲ್ಲ. ನಸುಕಿನಲ್ಲಿ ಮೊಗ್ಗು ಬಿಡಿಸುವುದು, ಪಡಸಾಲೆಯಲ್ಲಿ ಹರವಿ ಆರಿಸುವುದು, ಒದ್ದೆ ಅರಿವೆಯ ಮೇಲೆ ಹಾಕಿ ಮಾಲೆ ಕಟ್ಟುವುದು. ಅವ್ವನ ಬೆರಳು ಮಾಲೆ ಕಟ್ಟುವಾಗ ಕಣ್ಣು ಒಲೆಯ ಮೇಲಿನ ನುಚ್ಚಿನ ಕಡೆ ಇರುತ್ತಿತ್ತು, ಆದರೂ ಒಂದು ಗಂಟು ತಪ್ಪುತ್ತಿರಲಿಲ್ಲ. ಅಪ್ಪ ಅರಳೆ ಮಿಲ್ಲಿಗೆ ಹೋಗುವ ದಾರಿಯಲ್ಲಿ ಮಾಲೆಯ ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಒಯ್ದು ಕೊಡುವನು. ಕೆಲವು ಮಾಲೆ ಅಲ್ಲೇ ಉಳಿಯುತ್ತಿದ್ದವು, ಕೆಲವು ಬಸ್ಸು ಹತ್ತಿ ಶಿರಹಟ್ಟಿಗೆ, ಮುಳಗುಂದಕ್ಕೆ ಹೋಗುತ್ತಿದ್ದವು. ಮನೆಯ ಜೋಳ ಅಪ್ಪನ ಪಗಾರದ್ದು. ನನ್ನ ಪುಸ್ತಕ, ಶಾಲೆಯ ಅಂಗಿ, ಕಾಲಿನ ಚಪ್ಪಲಿ ಆಯಿಯ ಮಲ್ಲಿಗೆಯದು. ಇದನ್ನು ಆಯಿ ನನಗೆ ಮರೆಯಲು ಬಿಡುತ್ತಿರಲಿಲ್ಲ.

ಆರಿಸುವಾಗ ಒಡೆದ ಮೊಗ್ಗು, ಬಾಡಿದ್ದು, ಕಲೆ ಬಿದ್ದದ್ದು ಬದಿಗೆ ಬೀಳುತ್ತಿತ್ತು. ಅದನ್ನು ಕಸದ ಬುಟ್ಟಿಗೆ ಹಾಕುವ ಹಾಗಿರಲಿಲ್ಲ. ಹೂವು ಕಾಲಿಗೆ ಸಿಗಬಾರದು ಎನ್ನುವುದು ಆಯಿಯ ಮನೆಯ ಕಾಯಿದೆ. ತಪ್ಪಿ ಯಾರಾದರೂ ಮೊಗ್ಗು ತುಳಿದರೆ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳಬೇಕು. ಮೀಟರ್ ನೋಡಲು ಬಂದ ಕರೆಂಟಿನವನೂ ಒಮ್ಮೆ ಒತ್ತಿಕೊಂಡೇ ಹೋಗಿದ್ದ. ಆಯಿ ಆ ಹೊಲಸು ಮೊಗ್ಗನ್ನೆಲ್ಲ ಸೀರೆಯ ಉಡಿಯಲ್ಲಿ ತುಂಬಿಕೊಂಡು ಹಿತ್ತಲಿಗೆ ಹೋಗಿ ಗಿಡಗಳ ಬುಡಕ್ಕೆ ಒಂದೊಂದು ಹಿಡಿಯಂತೆ ಸುರಿದು ಬರುತ್ತಿದ್ದಳು. “ಗಿಡದ್ದು ಗಿಡಕ್ಕ” ಎನ್ನುವಳು. ಇನ್ನೊಂದು ಕಾಯಿದೆಯೂ ಇತ್ತು. ಬೇಸಿಗೆಯ ಸಂಜೆ ದೇವರ ದೀಪ ಹಚ್ಚಿದರೆ ಸಣ್ಣ ಬಿಳಿ ಪತಂಗಗಳು ಬರುತ್ತಿದ್ದವು. ರೆಕ್ಕೆಯ ಮೇಲೆ ಕಾಡಿಗೆಯಿಂದ ಎಳೆದ ಹಾಗೆ ಡೊಂಕು ಗೆರೆ. ನಾನು ಕೈ ಎತ್ತಿದರೆ ಆಯಿ ಕೈ ಹಿಡಿಯುವಳು.

“ಹೊಡಿಬ್ಯಾಡಲೇ, ನಿಮ್ಮ ಮುತ್ಯಾ ಬಂದಾನ. ಹೂವಿನ ಕಾಲಕ್ಕ ತಪ್ಪದ ಬರತಾನ ನೋಡು, ಇದ್ದಾಗ ಒಂದ ಸಲ ಹೊತ್ತಿಗೆ ಸರಿಯಾಗಿ ಬರಲಿಲ್ಲ.”

ನಾನು ಒಂಬತ್ತನೇ ಇಯತ್ತೆ ಮುಗಿಸುವ ವರ್ಷ, ಹೋಳಿ ಹುಣ್ಣಿವೆ ಆದ ಮೇಲೆ ದೊಡ್ಡವಳಾದೆ. ಮೂಲೆಯಲ್ಲಿ ಕೂಡಿಸಿದರು, ಆರತಿ ಮಾಡಿದರು, ಅಂಟಿನುಂಡಿ ತಿನ್ನಿಸಿದರು. ನೆರೆಹೊರೆಯ ಹೆಂಗಸರು ಬಂದು ಹಾಡಿದರು. ಆಯಿಯೇ ಬೆಟಗೇರಿಯ ಹೊಸ ಸೀರೆ ತರಿಸಿ ಉಡಿಸಿದಳು, ನನ್ನ ತಲೆಗೆ ಸಂತೆಯ ಅಬ್ಬಲಿಗೆ ಮಾಲೆ ಮುಡಿಸಿ “ನಮ್ಮ ಮಲ್ಲಿಗಿ ಇನ್ನ ಬಿಟ್ಟಿಲ್ಲ, ಯುಗಾದಿಗೆ ಮುಡಸ್ತೀನಿ” ಎಂದಳು. ಯುಗಾದಿ ಬಂತು. ಮೊಗ್ಗೂ ಬಂದವು. ಬುಟ್ಟಿ ಪಡಸಾಲೆಗೆ ತಂದು ಹರವಿದರೆ ಅರ್ಧಕ್ಕರ್ಧ ಮೊಗ್ಗು ಬಿಳಿ ಬಿಟ್ಟು ಊದಾ ಬಣ್ಣಕ್ಕೆ ತಿರುಗಿದ್ದವು, ಪೆಟ್ಟು ತಿಂದ ಉಗುರಿನ ಹಾಗೆ. ಕೆಲವು ಒಂದಕ್ಕೊಂದು ನೂಲಿನಿಂದ ಅಂಟಿಕೊಂಡಿದ್ದವು. ಹಿಂದಿನ ವರ್ಷಗಳಲ್ಲೂ ಅಂಥವು ಅಲ್ಲೊಂದು ಇಲ್ಲೊಂದು ಇದ್ದವು; ಇಷ್ಟು ಎಂದೂ ಇರಲಿಲ್ಲ. ಆಯಿ ಮೊಗ್ಗು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟ ನನಗೆ ಇವತ್ತಿಗೂ ಎದುರಿಗೆ ಇದೆ.

“ಈಕಿ ದೊಡ್ಡಾಕಿ ಆದ್ಲು, ಗಿಡ ಕೆಟ್ಟೂ. ಇನ್ನ ಬಿಡಿಸಿ ಹೇಳಬೇಕೇನ?”

ಅವ್ವ ಅತ್ತೆಗೆ ಎದುರಾಡಿದವಳಲ್ಲ. ಆವತ್ತು ದಾರ ಕೆಳಗಿಟ್ಟಳು.

“ಅತ್ತೀ, ಏನ ಮಾತಾಡ್ತೀರಿ? ನಾ ಈ ಮನಿಗೆ ಬಂದಾಗಿಂದ ತಿಂಗಳಾ ಹೊರಗ ಕುಂತೀನಿ. ಆವಾಗ ಗಿಡ ಕೆಟ್ಟಿದ್ವೇನ್ರಿ?”

“ನೀ ನಿನ್ನ ಪಾಡಿಗೆ ಮೂಲಿ ಹಿಡದು ಕುಂಡ್ರತಿದ್ದಿ. ಈಕಿ ಶಾಲಿ ಅಂತ ಊರೆಲ್ಲಾ ಅಡ್ಡ್ಯಾಡತಾಳ. ಇನ್ನ ಮ್ಯಾಲೆ ಹೊರಗಾದಾಗೂ ಹೋಗತಾಳ. ಎಲ್ಲಿ ಏನ ಮುಟ್ಟತಾಳೋ, ಬಂದು ಗಿಡಕ್ಕ ಕೈ ಹಚ್ಚತಾಳ. ಮಲ್ಲಿಗಿ ಅಂದ್ರ ಸೂಕ್ಷ್ಮಲೇ ಯವ್ವಾ, ಅದಕ್ಕ ಎಲ್ಲಾ ಗೊತ್ತಾಕ್ಕೈತಿ.”

“ಆತು ಬಿಡವ್ವಾ” ಎಂದ ಅಪ್ಪ. ಜಗಳ ಎಲ್ಲಿದ್ದರೂ ಅಪ್ಪನ ಪಾಲಿನ ಮಾತು ಅದೊಂದೇ.

“ಬಿಡೂದಲ್ಲ. ಈಗ ಕೇಳಿಬಿಡ್ರಿ ಎಲ್ಲಾರೂ. ಇವತ್ತಿಂದ ಈಕಿ ಹಿತ್ತಲಕ್ಕ ಕಾಲಿಡಬಾರದು. ಶಾಲಿ ಚಾಲೂ ಆಗೂದ್ರಾಗ ಗಿಡ ಸುಧಾರಿಸಿದ್ರ ಸರಿ. ಇಲ್ಲಾಂದ್ರ ಹತ್ತನೇ ಇಯತ್ತೇಕ್ಕ ಹೆಸರ ಹಚ್ಚಬ್ಯಾಡ್ರಿ. ಮನ್ಯಾಗ ರೊಟ್ಟಿ ಬಡಿಯಾಕ ಕಲೀಲಿ.”

ಇಷ್ಟೇ. ನನ್ನ ಓದು ಗಿಡಕ್ಕೆ ಕಟ್ಟು ಬಿತ್ತು. ಗಿಡ ನೆಟ್ಟಗಾದರೆ ಶಾಲೆ, ಆಗದಿದ್ದರೆ ರೊಟ್ಟಿ. ಆ ದಿನ ಅವ್ವ ಬಡಿದ ರೊಟ್ಟಿ ಹರಿದವು. ಪುಂಡಿಪಲ್ಯಕ್ಕೆ ಉಪ್ಪು ಬಿದ್ದಿರಲಿಲ್ಲ. ನಾನು ಅಳಲಿಲ್ಲ. ನನಗೆ ಸಿಟ್ಟು ಬಂದಿತ್ತು, ಮತ್ತು ಸಿಟ್ಟಿನ ಜೊತೆಗೆ ಒಂದು ಹೆದರಿಕೆ: ಒಂದು ವೇಳೆ ಆಯಿ ಹೇಳಿದ್ದು ಖರೆ ಇದ್ದರೆ? ಆ ವಯಸ್ಸಿನಲ್ಲಿ ನನ್ನ ಮೈ ನನಗೇ ಹೊಸದು. ಅದು ಏನು ಮಾಡಬಲ್ಲದು, ಏನು ಮಾಡಲಾರದು, ನನಗೇನು ಗೊತ್ತಿತ್ತು?

ಹಿತ್ತಲಿಗೆ ಹೋಗಬೇಡ ಎಂದದ್ದು ಸಾಲದೆಂದು ಆಯಿ ನನ್ನನ್ನು ಸೊರಟೂರಿಗೂ ಕಳಿಸಿದಳು, ಚಿಗವ್ವನ ಮನೆಗೆ. ಬೇಸಿಗೆಯ ಸೂಟಿ ಹೇಗೂ ಇತ್ತು. ಚಿಗವ್ವ ದಿನಾ ಶೇಂಗಾ ಹಿಂಡಿ, ಗಟ್ಟಿ ಮೊಸರು ಹಾಕಿ ಉಣಿಸಿದಳು, ನಾನು ಉಂಡೆ, ಹೊಲಕ್ಕೆ ಬುತ್ತಿ ಹೊತ್ತೆ, ಮನಸ್ಸು ಮಾತ್ರ ಲಕ್ಷ್ಮೇಶ್ವರದ ಹಿತ್ತಲಲ್ಲಿತ್ತು. ಗಿಡ ಬಿಳಿ ಹೂವು ಬಿಡಲಿ ಎಂದು ಬೇಡಿಕೊಳ್ಳಬೇಕೋ ಬೇಡವೋ ತಿಳಿಯದು. ನಾನಿಲ್ಲದಾಗ ಗಿಡ ಸುಧಾರಿಸಿದರೆ ನನ್ನದೇ ತಪ್ಪು ಎಂದಾಗುತ್ತದೆ. ಸುಧಾರಿಸದಿದ್ದರೆ ಶಾಲೆ ಹೋಗುತ್ತದೆ. ಎರಡೂ ಕಡೆ ಚೂಪು. ಬಸವ ಜಯಂತಿ ಮುಗಿದ ಮೇಲೆ ಅಪ್ಪ ಬಂದು ಕರೆದುಕೊಂಡು ಹೋದ. ಮನೆ ಮುಟ್ಟಿದರೆ ಪಡಸಾಲೆಯಲ್ಲಿ ಅವ್ವ ಮತ್ತು ಆಯಿ ಮೊಗ್ಗು ಆರಿಸುತ್ತ ಕೂತಿದ್ದಾರೆ, ಬಿಳಿಯದಕ್ಕಿಂತ ಊದಾ ರಾಶಿಯೇ ದೊಡ್ಡದು. ಮೊದಲಿಗಿಂತ ಹೆಚ್ಚಾಗಿತ್ತು.

“ಆಯಿ, ನಾ ಇಲ್ಲೇ ಇರಲಿಲ್ಲಲ್ಲ?” ಎಂದೆ.

“ನೆರಳು ಉಳದಿರತೈತಿ” ಎಂದಳು ಆಯಿ. ಆದರೆ ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

ಅವ್ವ ಒಂದು ಮೊಗ್ಗು ಎತ್ತಿ ಬೆಳಕಿಗೆ ಹಿಡಿದಳು.

“ನೆರಳಿಗೆ ಹಲ್ಲ ಇರತಾವೇನ್ರಿ ಅತ್ತಿ? ತೂತ ಬಿದ್ದೈತಿ ನೋಡ್ರಿಲ್ಲೆ.”

ಇದೇ ಮಾತು. ಕಾಲೇಜಿನಲ್ಲಿ ಆಮೇಲೆ ಎಷ್ಟೋ ಮಾಸ್ತರರ ಪಾಠ ಕೇಳಿದೆ, ಅವ್ವನ ಈ ಮಾತಿನಷ್ಟು ನನ್ನ ಕಣ್ಣು ತೆರೆಸಿದ್ದು ಯಾವುದೂ ಇಲ್ಲ. ನಾನು ಆ ಮೊಗ್ಗು ಇಸಿದುಕೊಂಡು ಉಗುರಿನಿಂದ ಸೀಳಿದೆ. ಒಳಗೆ ದಳಗಳ ಜಾಗದಲ್ಲಿ ಹಿಕ್ಕೆ. ಹಿಕ್ಕೆಯ ನಡುವೆ ಕರಿ ತಲೆಯ ಹಸಿರು ಹುಳ, ಶ್ಯಾವಿಗೆಯ ತುಣುಕಿನಷ್ಟು. ಅದು ಹೊರಳಿ ನನ್ನ ಬೆರಳು ಹತ್ತಿತು. ನನಗೆ ಅಸಹ್ಯವಾಗಲಿಲ್ಲ. ಹೇಳಿದರೆ ನಗುತ್ತೀರಿ, ಅದಕ್ಕೆ ಮುದ್ದು ಕೊಡಬೇಕೆನಿಸಿತು. ನನ್ನ ಮೇಲಿನ ಆಪಾದನೆಗೆ ಕರಿ ತಲೆ, ಸಣ್ಣ ಸಣ್ಣ ಕಾಲುಗಳು ಬಂದಿದ್ದವು.

ಶಾಲೆಯಲ್ಲಿ ರೇಷ್ಮೆ ಹುಳದ ಪಾಠ ಆಗಿತ್ತು: ತತ್ತಿ, ಹುಳ, ಕೋಶ, ಪತಂಗ. ಪರೀಕ್ಷೆಗೆ ಬಾಯಿಪಾಠ ಮಾಡಿ, ಚಿತ್ರ ಬರೆದು ಬಣ್ಣ ತುಂಬಿದ್ದೆ. ಅದು ರೇಷ್ಮೆ ಹುಳದ ಸುದ್ದಿ, ನಮ್ಮ ಹಿತ್ತಲಿಗೂ ಅದಕ್ಕೂ ಸಂಬಂಧವಿದೆ ಎಂದು ಎಂದೂ ಹೊಳೆದಿರಲಿಲ್ಲ. ಈಗ ಹೊಳೆಯಿತು. ಹುಳ ಇದೆ ಎಂದರೆ ಅದು ಎಲ್ಲಿಂದಲೋ ಬಂದಿದೆ, ಎಲ್ಲಿಗೋ ಹೋಗುತ್ತದೆ. ಹಿತ್ತಲಿಗೆ ಕಾಲಿಡುವ ಹಾಗಿರಲಿಲ್ಲ, ಆದ್ದರಿಂದ ಅವ್ವನಿಂದ ಗಿಡದ ಬುಡದ ಒಂದಿಷ್ಟು ಮಣ್ಣು ತರಿಸಿದೆ. ಗಾಜಿನ ಉಪ್ಪಿನಕಾಯಿ ಬರಣಿ ತೊಳೆದು ತಳಕ್ಕೆ ಮಣ್ಣು, ಮಣ್ಣಿನ ಮೇಲೆ ಊದಾ ಮೊಗ್ಗು, ಬಾಯಿಗೆ ತೆಳು ಅರಿವೆ. ಪಡಸಾಲೆಯ ಗೋಡೆಯ ಗೂಡಿನಲ್ಲಿ ಇಟ್ಟೆ. ಅಪ್ಪ ಮಿಲ್ಲಿನಿಂದ ಬಂದು “ಇದ್ಯಾವ ಉಪ್ಪಿನಕಾಯಿ?” ಎಂದ.

“ಹುಳದ್ದು” ಎಂದೆ.

“ಆತು ಬಿಡು” ಎಂದ.

ಹುಳ ಒಂದು ಮೊಗ್ಗು ತಿಂದು ಇನ್ನೊಂದಕ್ಕೆ ಹೋಗುತ್ತಿತ್ತು, ಹೋಗುವಾಗ ನೂಲು ಎಳೆದು ಎರಡನ್ನೂ ಹೆಣೆಯುತ್ತಿತ್ತು. ತಿಂದು ದಪ್ಪಗಾದ ಮೇಲೆ ಒಂದು ದಿನ ಮೊಗ್ಗು ಬಿಟ್ಟು ಕೆಳಗಿಳಿದು ಮಣ್ಣಿನೊಳಗೆ ಹೊಕ್ಕಿತು. ಒಂದರ ಹಿಂದೆ ಒಂದು ಎಲ್ಲವೂ ಹೊಕ್ಕವು. ಬರಣಿಯಲ್ಲಿ ಒಣಗಿದ ಮೊಗ್ಗು, ಸುಮ್ಮನೆ ಕೂತ ಮಣ್ಣು ಉಳಿದವು. ಸತ್ತವು ಎಂದುಕೊಂಡೆ. ಅವ್ವ ಬರಣಿ ಕೇಳಿದಳು, ಮಾವಿನಕಾಯಿ ಬಂದಿದ್ದವು. ಕೊಡಲಿಲ್ಲ. ಕಾರ ಹುಣ್ಣಿವೆಗೆ ಇನ್ನೂ ವೇಳೆ ಇತ್ತು, ಶಾಲೆಗೂ ಇತ್ತು, ಆದರೆ ಬಹಳ ಇರಲಿಲ್ಲ. ಆ ನಡುವೆ ಆಯಿ ಮಾತ್ರ ದಿನಾ ಉಡಿ ತುಂಬ ಊದಾ ಮೊಗ್ಗು ಒಯ್ದು ಗಿಡದ ಬುಡಕ್ಕೆ ಸುರಿಯುತ್ತಲೇ ಇದ್ದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ಬರಣಿಯಲ್ಲಿ ನಾನು ಏನು ಮಾಡಿದ್ದೆನೋ ಅದನ್ನೇ ಆಯಿ ಇಡೀ ಹಿತ್ತಲಿಗೆ ಮಾಡುತ್ತಿದ್ದಾಳೆ: ಮಣ್ಣಿನ ಮೇಲೆ ಹುಳದ ಮೊಗ್ಗು. ಇದು ತಲೆಗೆ ಬಂದೊಡನೆ ಓಡಿಹೋಗಿ ಬರಣಿಯ ಅರಿವೆಯನ್ನು ಇನ್ನೊಮ್ಮೆ ಬಿಗಿದು ಕಟ್ಟಿದೆ.

ಒಂದು ಸಂಜೆ, ಆಯಿ ದೀಪ ಹಚ್ಚುವ ಹೊತ್ತಿಗೆ, ಬರಣಿಯ ಅರಿವೆಗೆ ಒಳಗಿನಿಂದ ಏನೋ ಬಡಿಯುತ್ತಿತ್ತು. ಬರಣಿ ತಂದು ಆಯಿಯ ಮುಂದೆ ಹಿಡಿದೆ. ಒಳಗೆ ಸಣ್ಣ ಬಿಳಿ ಪತಂಗ, ರೆಕ್ಕೆಯ ಮೇಲೆ ಕಾಡಿಗೆಯ ಡೊಂಕು ಗೆರೆ. ದೀಪದ ಹತ್ತಿರ ಅದರ ಜೊತೆಯದು ಒಂದು ಆಗಲೇ ಸುತ್ತುತ್ತಿತ್ತು. ಆಯಿ ಅದನ್ನೂ ನೋಡಿದಳು, ಇದನ್ನೂ ನೋಡಿದಳು.

“ಇದನ್ನ ಯಾಕ ಹಿಡದಿ? ಬಿಡು, ಹಿರ್ಯಾರನ್ನ ಬರಣ್ಯಾಗ ತುಂಬತಾರೇನ?”

“ಹಿಡದಿಲ್ಲಾಯಿ. ಊದಾ ಮೊಗ್ಗ್ಯಾಗಿನ ಹುಳ ಮಣ್ಣಾಗ ಹೋಗಿ ಹಿಂಗಾಗಿ ಬಂದೈತಿ. ಇದ ತತ್ತಿ ಇಡತೈತಿ ಮೊಗ್ಗಿ ಮ್ಯಾಲೆ. ತತ್ತಿಯಿಂದ ಮತ್ತ ಹುಳ. ನೀ ಒಯ್ದು ಬುಡಕ್ಕ ಹಾಕ್ತಿ, ಅದು ಅಲ್ಲೇ ಇಳದು ಮಲಗತೈತಿ, ಎದ್ದು ಮತ್ತ ಮ್ಯಾಲ ಹಾರತೈತಿ.”

ಆಯಿಯ ಮುಖ ಕೆಂಪಾಯಿತು.

“ಹಂಗಂದ್ರ ನಿಮ್ಮ ಮುತ್ಯಾ ನನ್ನ ಮಲ್ಲಿಗಿ ಮೊಗ್ಗಿ ತಿಂತಾನಂತಿಯೇನ?”

ಅಡುಗೆಮನೆಯಲ್ಲಿ ಅವ್ವನ ಕೈಯಿಂದ ಸೌಟು ಬಿತ್ತು, ಸೆರಗು ಬಾಯಿಗೆ ಇಟ್ಟುಕೊಂಡಿದ್ದಳು. ಅಪ್ಪ ಎದ್ದು ಕಟ್ಟೆಗೆ ಹೋದ. ಅವನ ಬೆನ್ನು ಅಲುಗಾಡುತ್ತಿತ್ತು. ನಾನು ಮಾತ್ರ ನಗಲಿಲ್ಲ. ನಕ್ಕಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

“ಮುತ್ಯಾ ಅಲ್ಲಾಯಿ. ಹುಳ. ನಂಬಿಕಿ ಇಲ್ಲಂದ್ರ ನೀನ ಒಂದ ಬರಣಿ ಇಡು.”

ಆಯಿ ಇಟ್ಟಳು! ನಮ್ಮ ಆಯಿ ಅಂಥವಳು. ತಾನೇ ಮೊಗ್ಗು ಆರಿಸಿ, ತಾನೇ ಮಣ್ಣು ಹಾಕಿ, ತನ್ನ ಹಳೆ ಸೀರೆಯ ಅಂಚು ಹರಿದು ಬಾಯಿಗೆ ಕಟ್ಟಿದಳು. ನಾನು ಏನಾದರೂ ಕಿತಾಪತಿ ಮಾಡಿಯೇನೆಂದು ತನ್ನದೇ ಒಂದು ಗಂಟು ಹಾಕಿ ಬರಣಿಯನ್ನು ದೇವರ ಜಗಲಿಯ ಮೇಲೆ ಇಟ್ಟಳು. ಮಿರಗದ ಮಳೆ ಬಿತ್ತು. ಶಾಲೆ ಚಾಲೂ ಆಯಿತು. ನನ್ನ ಗೆಳತಿಯರು ಬಂದು ಕರೆದರು. ಬರಣಿ ಇನ್ನೂ ಮಣ್ಣು ಮಣ್ಣಾಗಿಯೇ ಇತ್ತು. ಅಪ್ಪ ಹೆಸರು ಹಚ್ಚಲೋ ಬೇಡವೋ ಎಂದು ಆಯಿಯ ಮುಖ ನೋಡಿದ. ಆಯಿ ಪೂಜೆ ಮಾಡುವಾಗಲೆಲ್ಲ ಬರಣಿಯ ಕಡೆ ಒಂದು ಕಣ್ಣು ಇಟ್ಟೇ ಘಂಟೆ ಬಾರಿಸುತ್ತಿದ್ದಳು. ಒಂದು ಬೆಳಿಗ್ಗೆ ಪೂಜೆಯ ನಡುವೆ ಘಂಟೆ ನಿಂತಿತು. ನಾವೆಲ್ಲ ನಡುಮನೆಗೆ ಓಡಿದೆವು. ಆಯಿ ಬರಣಿಯನ್ನು ಬೆಳಕಿಂಡಿಯ ಬಿಸಿಲಿಗೆ ಹಿಡಿದು ನಿಂತಿದ್ದಳು. ಒಳಗೆ ಎರಡು ಪತಂಗ. ನಮ್ಮ ಕಡೆ ತಿರುಗದೆ ಅಪ್ಪನಿಗೆ ಅಂದಳು:

“ಹೆಸರ ಹಚ್ಚಿ ಬಾ ಹೋಗು ಆಕೀದು. ಮುಂದಿನ ಯುಗಾದಿ ತನಕ ನೋಡೂಣು.”

ಆದರೆ ಜಗಳ ಮುಗಿಯಲಿಲ್ಲ, ಹೊಸ ಜಗಳ ಹುಟ್ಟಿತು. ಮಳೆಗಾಲದಲ್ಲೂ ಅಷ್ಟಿಷ್ಟು ಬಿಡುತ್ತಿದ್ದ ಹುಳದ ಮೊಗ್ಗನ್ನು ಏನು ಮಾಡುವುದು? ಒಲೆಗೆ ಹಾಕೋಣ ಎಂದೆ ನಾನು. ಆಯಿ ಹೌಹಾರಿದಳು.

“ಹೂವ ಸುಡತಿಯೇನ? ಹೆಣದ ಮ್ಯಾಲಿನ ಹೂವಷ್ಟ ಲೇ ಬೆಂಕಿಗೆ ಹೋಗೂದು. ಇದ ಮನಿ ಐತೋ ಸುಡಗಾಡೋ?”

ರಸ್ತೆಗೆ ಚೆಲ್ಲೋಣವೆಂದರೆ ಕಾಲಿಗೆ ಸಿಗುತ್ತದೆ. ಹೂಳೋಣವೆಂದರೆ ಹುಳಕ್ಕೆ ಹಾಸಿಗೆ ಹಾಸಿಕೊಟ್ಟ ಹಾಗೆ. ನಾನು ಹಟ ಮಾಡಿದರೆ ಆಯಿ ನನಗಿಂತ ಹೆಚ್ಚು ಹಟದವಳು. ನಾಗರ ಪಂಚಮಿಯ ಉಂಡಿ ಕಟ್ಟುವ ದಿನವೂ ಇದೇ ಚರ್ಚೆ ನಡೆದಿತ್ತು. ಆಯಿ ದೇವರ ಮೇಲಿನ ನಿನ್ನೆಯ ಹೂವು ತೆಗೆದು ತಟ್ಟೆಯಲ್ಲಿಟ್ಟಳು, ಎಂದಿನಂತೆ ಬಾವಿಯ ಕಡೆ ಹೊರಟಳು. ಆಗ ನನ್ನ ಬಾಯಿಂದ ಬಂತು:

“ಆಯಿ, ದೇವರ ಹೂವ ಗಂಗಿಗೆ ಬಿಡ್ತಿ. ಇವನ್ನೂ ಗಂಗಿಗೆ ಬಿಟ್ರ?”

ಆಯಿ ನಿಂತಳು. ತುಳಿಯುವ ಹಾಗಿಲ್ಲ, ಸುಡುವ ಹಾಗಿಲ್ಲ. ಗಂಗೆಗೆ ಬಿಟ್ಟರೆ ಹೂವಿಗೂ ಮರ್ಯಾದೆ, ಹುಳಕ್ಕೂ ದಾರಿ ಇಲ್ಲ. ಬಾವಿಯ ನೀರು ಕುಡಿಯುವುದಕ್ಕೂ ಬೇಕಿತ್ತು, ಅಷ್ಟು ಮೊಗ್ಗು ಅದಕ್ಕೆ ಹಾಕುವಂತಿರಲಿಲ್ಲ. ಆಯಿಯೇ ಕಲ್ಲಿನ ಡೋಣಿಯನ್ನು ತಿಕ್ಕಿ ತೊಳೆದು ನೀರು ತುಂಬಿ, ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದಳು. ಆವತ್ತಿನಿಂದ ಡೋಣಿಯೇ ಗಂಗೆಯಾಯಿತು. ಆರಿಸಿದ ಮೊಗ್ಗು ಅದರೊಳಗೆ ಬೀಳುತ್ತಿತ್ತು, ಮೇಲೆ ಹಳೆ ಗೋಣಿತಟ್ಟು. ಕೊಳೆತ ಮೇಲೆ ಆ ನೀರು ತಿರುಗಿ ಗಿಡಕ್ಕೇ ಹೋಗುತ್ತಿತ್ತು. “ಗಿಡದ್ದು ಗಿಡಕ್ಕ” ಎನ್ನುವುದನ್ನು ಆಯಿ ಬಿಟ್ಟುಕೊಡಲಿಲ್ಲ, ನಡುವೆ ಒಂದು ಮುಳುಗು ಹಾಕಿಸಿದಳು ಅಷ್ಟೇ.

ಮಳೆಗಾಲ ಕಳೆಯಿತು, ದಸರೆಗೆ ಬನ್ನಿ ಕೊಟ್ಟೆವು, ದೀಪಾವಳಿ ಆಯಿತು. ಹೂವು ನಿಂತವು, ಪತಂಗಗಳೂ ನಿಂತವು. ಎಳ್ಳಮಾಸಿಗೆ ನೀರು ನಿಲ್ಲಿಸಿ, ಗಿಡ ಕತ್ತರಿಸಿದ ಮೇಲೆ ಆಯಿ ನನ್ನನ್ನು ಕೂಗಿದಳು. ಹಿತ್ತಲಿಗೆ. ಹೊರಗಿದ್ದೀಯೋ ಹೇಗೆ ಎಂದು ಕೇಳಲೂ ಇಲ್ಲ. ಕೈಗೆ ಕಳೆ ತೆಗೆಯುವ ಕುರ್ಚಿಗೆ ಕೊಟ್ಟಳು, ಇಬ್ಬರೂ ಗಿಡದ ಬುಡ ಕೆದರುತ್ತ ಕೂತೆವು. ಮಣ್ಣಿನಲ್ಲಿ ಕಂದು ಬಣ್ಣದ ಕೋಶಗಳು, ಸಣ್ಣ ಗೋದಿಕಾಳಿನ ಹಾಗೆ. ನನಗೆ ಕಾಣುವ ಮೊದಲು ಆಯಿಯ ಬೆರಳಿಗೆ ಸಿಗುತ್ತಿದ್ದವು; ಆಯುಷ್ಯವೆಲ್ಲ ಅಕ್ಕಿ ಬೇಳೆ ಆರಿಸಿದ ಬೆರಳು. ಕೆದರಿದ ಮಣ್ಣು ಬಿಸಿಲಿಗೆ ಬಿಟ್ಟೆವು. ಉಳಿದವನ್ನು ಗೊರವಂಕಗಳು ನೋಡಿಕೊಂಡವು.

“ಮುತ್ಯಾ ಇಷ್ಟ ಮಂದಿ ಇದ್ದಾನೇನವಾ” ಎಂದು ಆಯಿ ಮೊದಲ ಸಲ ತಾನೇ ನಕ್ಕಳು.

ಯುಗಾದಿ ಬಂತು. ಹಬ್ಬದ ಮರುದಿನ ಆಯಿ ಯಾರನ್ನೂ ಕರೆಯದೆ ಒಬ್ಬಳೇ ಹೋಗಿ ಮೊಗ್ಗು ಬಿಡಿಸಿ ತಂದು ಪಡಸಾಲೆಯಲ್ಲಿ ಹರವಿದಳು. ನಾನು ಪರೀಕ್ಷೆಗೆ ಹೊರಟು ನಿಂತಿದ್ದೆ, ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿದೆ. ಊದಾ ಇದ್ದವು, ಇಲ್ಲವೆನ್ನುವುದಿಲ್ಲ. ಪಕ್ಕದ ಹಿತ್ತಲುಗಳಲ್ಲೂ ಮಲ್ಲಿಗೆ ಇತ್ತು, ಪತಂಗಕ್ಕೆ ಗೋಡೆ ಯಾವ ಲೆಕ್ಕ? ಆದರೆ ಹುಡುಕಿ ಹೆಕ್ಕಬೇಕಾಗಿತ್ತು. ಉಳಿದದ್ದೆಲ್ಲ ಬಿಳಿ. ಆಯಿ ಒಂದು ಮೊಗ್ಗು ಉಗುರಿನಿಂದ ಸೀಳಿ ಒಳಗೆ ನೋಡಿದಳು, ಇನ್ನೊಂದು ಸೀಳಿದಳು. ‘ನಿಂದ ಖರೆ ಇತ್ತು’ ಎಂದು ನಮ್ಮ ಆಯಿ ಯಾರಿಗೂ ಹೇಳಿದ ದಾಖಲೆ ಇಲ್ಲ. ಅವ್ವನಿಗೆ ಮಾತ್ರ ಅಂದಳು:

“ಆಕಿಗೆ ಬುತ್ತಿ ಕಟ್ಟು, ಹೊತ್ತಾತು. ಮತ್ತ ಮುಡಿಯಾಕ ಹೂವ ಕೊಡು, ಹೋದ ವರ್ಷದ್ದ ಬಾಕಿ ಐತಿ.”

ಆಮೇಲಿನದನ್ನು ಬೆಳೆಸುವುದಿಲ್ಲ. ಹತ್ತನೆಯದು ಪಾಸಾಯಿತು, ಪಿಯುಸಿ ಆಯಿತು. ಡಿಗ್ರಿಗೆ ಗದಗು. ನಸುಕಿನಲ್ಲಿ ಮೊಗ್ಗು ಬಿಡಿಸಿ, ಮುಳಗುಂದದ ಮೇಲೆ ಹೋಗುವ ಬಸ್ಸಿಗೆ ಮಾಲೆಯ ಚೀಲ ಹೊತ್ತು ಹತ್ತುತ್ತಿದ್ದೆ. ಮುಳಗುಂದದಲ್ಲಿ ಕಿಟಕಿಯಿಂದಲೇ ಚೀಲ ಇಳಿಸಿ, ಗದಗಿನಲ್ಲಿ ಇಳಿದು ಕಾಲೇಜಿಗೆ ಓಡುತ್ತಿದ್ದೆ. ಇಂಗ್ಲಿಷಿನ ಪಾಠ ಕಿವಿಗೆ ಬೀಳುತ್ತಿತ್ತು, ತಲೆಗೆ ಹತ್ತುತ್ತಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಒಮ್ಮೆ ನಪಾಸಾದೆ, ಮತ್ತೆ ಕಟ್ಟಿ ಪಾಸಾದೆ. ಒಂದು ದಿನ ಮೇಡಂ ಬೋರ್ಡಿನ ಮೇಲೆ ಮಲ್ಲಿಗೆ ಮೊಗ್ಗಿನ ಹುಳದ ಜೀವನಚಕ್ರ ಬರೆದರು: ತತ್ತಿ, ಹುಳ, ಕೋಶ, ಪತಂಗ, ನಡುವೆ ಬಾಣಗಳು. ಎಲ್ಲ ಬರೋಬ್ಬರಿ ಇತ್ತು. ಹುಳದಿಂದ ಕೋಶಕ್ಕೆ ಹೋಗುವ ಬಾಣದ ಮೇಲೆ ನಮ್ಮ ಆಯಿಯ ಉಡಿ ಮಾತ್ರ ಇರಲಿಲ್ಲ. ನಾನು ಎದ್ದು ನಿಂತು ಅದನ್ನು ಹೇಳಿದೆ. ಕ್ಲಾಸು ನಕ್ಕಿತು. ಮೇಡಂ ನಗಲಿಲ್ಲ, ಡಸ್ಟರ್ ಕೆಳಗಿಟ್ಟು “ಇನ್ನೊಮ್ಮೆ ಹೇಳು, ನಿಧಾನ ಹೇಳು” ಎಂದರು. ಆ ಕಾಲೇಜಿನಲ್ಲಿ ನಾನು ತಲೆ ಎತ್ತಿ ಕೂತದ್ದು ಆವತ್ತಿನಿಂದ.

ಪದವಿಯ ಸರ್ಟಿಫಿಕೇಟು ಕಾಲೇಜಿಗೆ ಬಂದ ದಿನ ಅಪ್ಪ ಮಿಲ್ಲಿಗೆ ರಜೆ ಹಾಕಿ ನನ್ನ ಜೊತೆ ಬಂದ. ಕಚೇರಿಯವರು ನನ್ನ ಕೈಗೆ ಕೊಟ್ಟಾಗ ಅದನ್ನು ಮುಟ್ಟಲಿಲ್ಲ, ದೂರ ನಿಂತು ನೋಡಿದ. ಮನೆಗೆ ಬಂದರೆ ಹೂವಿನ ಕಾಲ, ಆಯಿ ಪಡಸಾಲೆಯಲ್ಲಿ ಮೊಗ್ಗು ಆರಿಸುತ್ತಿದ್ದಳು. ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು, ಊದಾ ಮೊಗ್ಗು ಮಾತ್ರ ಬೆರಳಿನಿಂದ ಇನ್ನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅಪ್ಪ ಕಟ್ಟೆಯಿಂದಲೇ, ಇಷ್ಟು ವರ್ಷ ಕಟ್ಟಿಟ್ಟುಕೊಂಡಿದ್ದ ಮಾತನ್ನು ಬಿಚ್ಚಿದ:

“ಅವ್ವಾ, ಮಲ್ಲಿಗಿ ಗಿಡಕ್ಕ ಕುಂಬಳಕಾಯಿ ಬಿಟ್ಟೈತಿ ನೋಡು.”

“ಕಾಣಾಕ ಹತ್ತೈತಲೇ, ನಾ ಏನ ಕುರುಡಿಯೇನ” ಎಂದಳು ಆಯಿ.

ನಾನು ಕೂತು ಸರ್ಟಿಫಿಕೇಟು ಚಾಚಿದೆ. ಆಯಿಯ ಕೈ ಒದ್ದೆಯಿತ್ತು. ಕೈ ಚಾಚಲಿಲ್ಲ, ಸೀರೆಯ ಉಡಿ ಒಡ್ಡಿದಳು. ಅದರೊಳಗೆ ಇಟ್ಟೆ. ಓದಲು ಬಾರದ ಆ ಕಾಗದವನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು, ಉಡಿಯ ಸಮೇತ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಎಂದಿನ ಗಡಸು ದನಿಯಲ್ಲೇ ಅಂದಳು:

“ಕೆಳಗ ಇಡಬ್ಯಾಡ, ಯಾರರ ತುಳದಾರು. ಟ್ರಂಕಿನ್ಯಾಗೂ ಮುಚ್ಚಿಡಬ್ಯಾಡ, ಹುಳ ಹತ್ತೀತು. ನಡಮನ್ಯಾಗ ಬೆಳಕ ಬೀಳೂವಲ್ಲೆ ತೂಗ ಹಾಕು. ದಿನಾ ಕಣ್ಣಾಡಿಸಿದ್ರ ಹುಳ ಹತ್ತಂಗಿಲ್ಲ, ಆ ಕೆಲಸಾ ನಂದು.”